ಜವಾರಿ ಹೋಗಿದ್ದು ತಂಬೂರಿಯದಲ್ಲ

ಮೊದಲು ನಾನು ಬೈದದ್ದು ತಂಬೂರಿಯನ್ನು.

ಶುಕ್ರವಾರ ಬೆಳಿಗ್ಗೆ ಐದೂವರೆ. ಹೊರಗೆ ಪುಣೆಯ ಶ್ರಾವಣದ ಜಿಟಿಜಿಟಿ ಮಳೆ. ರಿಯಾಜಿಗೆ, ಅಂದರೆ ಹಾಡಿನ ಅಭ್ಯಾಸಕ್ಕೆ ಕೂತು ತಂತಿ ಮೀಟಿದೆ, ನಾದ ಮೇಲೇಳಲಿಲ್ಲ. ಖರಜದ, ಅಂದರೆ ಕೆಳಗಿನ 'ಸಾ'ದ ತಂತಿ ಮೀಟಿದಾಗ ಅದರೊಳಗಿಂದ ಒಂದು ಗಂಧಾರ, 'ಗ' ಸ್ವರ, ತಾನಾಗಿ ಎದ್ದು ಬರುತ್ತದೆ. ತಂಬೂರಿ ಹಿಡಿದವರಿಗೆಲ್ಲ ಇದು ಗೊತ್ತು. ಆ ಗಂಧಾರ ಕೇಳಿಸಿಕೊಂಡೇ ನಾವು ನಮ್ಮ ಗಂಧಾರ ಹಚ್ಚುವುದು. ಅವತ್ತು ಅದು ಬರಲೇ ಇಲ್ಲ. ಬರೀ ಡಬ್ ಡಬ್, ಖಾಲಿ ಡಬ್ಬ ಬಡಿದ ಹಾಗೆ. ಮಳೆಗಾಲದ ತೇವಕ್ಕೆ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಕೆಟ್ಟಿದೆ ಅಂದುಕೊಂಡೆ. ಅದನ್ನು ಹೊಂದಿಸಲು ತಂತಿಗಳ ಕೆಳಗೆ ಇಟ್ಟ ದಾರಗಳನ್ನು ಅತ್ತಿತ್ತ ಸರಿಸಿದೆ. ಸರಿಹೋಗಲಿಲ್ಲ. ನಾಲ್ಕೂ ದಾರ ತೆಗೆದು ಹೊಸದು ಹಾಕಿದೆ. ಇನ್ನೂ ಕೆಟ್ಟಿತು. ಎಂಟು ಗಂಟೆಗೆ ಮೀರಜ್ ಊರಿಗೆ ಫೋನ್ ಮಾಡಿದೆ, ನನ್ನ ತಂಬೂರಿ ಮಾಡಿಕೊಟ್ಟವರಿಗೆ. ಫೋನಿನಲ್ಲೇ ಮೀಟಿ ಕೇಳಿಸಿದೆ. ಅವರು ಒಂದು ನಿಮಿಷ ಕೇಳಿ, ದಾರ ಯಾಕೆ ಮುಟ್ಟಿದಿರಿ, ಮೊದಲು ಹೇಗಿತ್ತೋ ಹಾಗೇ ಬಿಡಬೇಕಿತ್ತು ಅಂದರು.

ಒಂಬತ್ತಕ್ಕೆ ಪಾಠಕ್ಕೆ ಬಂದ ಹುಡುಗಿ ನನ್ನ ಮುಖ ನೋಡಿದಳು. "ಮ್ಯಾಡಮ್, ಯಾಕೆ ಇಷ್ಟು ಮೆಲ್ಲಗೆ ಹಾಡ್ತಿದ್ದೀರಿ?" ನನಗೋ ನಾನು ಗಟ್ಟಿಯಾಗಿಯೇ ಹಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಕೊಡದೊಳಗೆ ಮುಖ ಇಟ್ಟು ಹಾಡಿದ ಹಾಗೆ ನನ್ನ 'ಸಾ' ನನ್ನ ತಲೆಯೊಳಗೇ ಗುಂಯ್‌ಗುಡುತ್ತಿತ್ತು. ಬೆರಳಿನಿಂದ ಬಲಗಿವಿ ಮುಚ್ಚಿ ತೆಗೆದೆ. ಮುಚ್ಚಿದರೂ ತೆಗೆದರೂ ಒಂದೇ. ಆಗ ಗೊತ್ತಾಯಿತು, ಕೆಟ್ಟದ್ದು ತಂಬೂರಿಯಲ್ಲ, ನನ್ನ ಕಿವಿ.

ಮುಂದಿನ ಭಾನುವಾರಕ್ಕೆ ಮುಂಬೈಯ ಮಾಟುಂಗಾದಲ್ಲಿ ಕಾರ್ಯಕ್ರಮ. ನಮ್ಮ ಕನ್ನಡದವರೇ ಮಾಡುವುದು. ಮೊದಲು ಅರ್ಧ ಗಂಟೆ ಖಯಾಲ್, ಆಮೇಲೆ ದಾಸವಾಣಿ. ನಡುವೆ ಒಂಬತ್ತು ದಿನ. ಈ ಒಂಬತ್ತು ದಿನದಲ್ಲಿ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಹಾಡುವವರು, ನುಡಿಸುವವರು ಯಾರಿಗಾದರೂ ಇದೇ ಗತಿ ಬಂದರೆ ನನ್ನಷ್ಟು ಅಲೆಯುವುದು ಬೇಡ.

ತಪ್ಪು ನನ್ನದೇ. ಹಿಂದಿನ ವಾರ ನೆಗಡಿ ಆಗಿತ್ತು. ಗುರುವಾರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡೆ, ಕಿವಿಗೆ ನೀರು ಹೋಯಿತು, ಕಾಟನ್ ಬಡ್ ಹಾಕಿ ತಿರುವಿದೆ. ಗುಗ್ಗೆ ತೆಗೆಯುವ ಸಾಧನ ಅಂತ ನಾವೆಲ್ಲ ನಂಬಿರುವ ಆ ಕಡ್ಡಿ, ಸ್ವಲ್ಪ ತೆಗೆದು ಉಳಿದದ್ದನ್ನು ಒಳಗೆ ಒತ್ತಿ ಜಡಿಯುತ್ತದೆ. ಬಂದೂಕಿಗೆ ಮದ್ದು ತುಂಬಿದ ಹಾಗೆ. ಅದರ ಮೇಲೆ ನೀರು ಬಿದ್ದರೆ ಗುಗ್ಗೆ ಉಬ್ಬುತ್ತದೆ. ಇನ್ನೊಂದು ಕಾರಣ ಆಮೇಲೆ ಡಾಕ್ಟರು ಹೇಳಿದರು: ಮೊಬೈಲಿನಲ್ಲಿ ತಾನ್‌ಪುರಾ ಹಚ್ಚಿ, ಇಯರ್‌ಫೋನ್ ತುರುಕಿಕೊಂಡು ದಿನಕ್ಕೆ ಎರಡು ಮೂರು ಗಂಟೆ ಕೂರುತ್ತೇನಲ್ಲ, ಅದೂ ಹೊರಗೆ ಬರುವ ಗುಗ್ಗೆಗೆ ಅಡ್ಡಗಟ್ಟೆ. ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅಂತ ಮಾಡಿದ್ದು.

ಧಾರವಾಡಕ್ಕೆ ಫೋನ್ ಮಾಡಿದರೆ ಅವ್ವ, "ಬಳ್ಳೊಳ್ಳಿ ಎಣ್ಣಿ ಬಿಸಿ ಮಾಡಿ ನಾಕ್ ಹನಿ ಬಿಟ್ಕೋ, ಸಂಜಿಕೆ ಆರಾಮ ಆಗ್ತೈತಿ" ಅಂದಳು. ಬಿಸಿ ಎಣ್ಣೆಯ ಧೈರ್ಯ ಬರಲಿಲ್ಲ. ಔಷಧಿ ಅಂಗಡಿಗೆ ಹೋಗಿ ಗುಗ್ಗೆ ಕರಗಿಸುವ ಹನಿ ತಂದೆ. 120 ರೂಪಾಯಿ. ರಾತ್ರಿ ಹಾಕಿಕೊಂಡು ಮಲಗಿದೆ. ಶನಿವಾರ ಎದ್ದರೆ ಬಲಗಿವಿ ಪೂರ್ತಿ ಬಂದ್. ಮೊದಲು ಅರ್ಧ ಬಾಗಿಲು ತೆರೆದಿತ್ತು, ಈಗ ಅದಕ್ಕೂ ಅಗುಳಿ ಬಿತ್ತು.

ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ದಿನದ ಅಳು ಉಳಿಯುತ್ತಿತ್ತು. ಹನಿ ಹಾಕಿದ ಮೊದಲ ಒಂದೆರಡು ದಿನ ಗುಗ್ಗೆ ನೆನೆದು ಉಬ್ಬಿ ಕಿವಿ ಇನ್ನೂ ಜಾಸ್ತಿ ಮುಚ್ಚಿದ ಹಾಗೆ ಆಗುತ್ತದೆ. ಅದು ಔಷಧದ ಕೆಲಸ. ಕಾರ್ಯಕ್ರಮದ ಹಿಂದಿನ ರಾತ್ರಿ ಮಾತ್ರ ಮೊದಲ ಸಲ ಹನಿ ಹಾಕಲು ಹೋಗಬೇಡಿ.

ಗೊತ್ತಿಲ್ಲದ ನಾನು ಗಾಬರಿಯಿಂದ ಮನೆಯ ಹತ್ತಿರದ ಒಂದು ದವಾಖಾನೆಗೆ ಓಡಿದೆ. ಹೆಸರು ಬೇಡ. ಅಲ್ಲಿ ಕಿವಿಯೊಳಗೆ ಒಂದು ಸಲ ಇಣುಕಿ, ಕಂಪೌಂಡರಿಗೆ ಪಿಚಕಾರಿ ಹೊಡಿ ಅಂದರು. ಅವನು ನಲ್ಲಿಯ ತಣ್ಣೀರನ್ನೇ ಸಿರಿಂಜಿಗೆ ತುಂಬಿ ಬಿಟ್ಟ. ಮರುಕ್ಷಣ ಇಡೀ ಕೋಣೆ ಗಿರ್ರನೆ ತಿರುಗಿತು. ಕುರ್ಚಿಯ ಕೈ ಹಿಡಿದುಕೊಂಡು ಕೂತೆ. ವಾಂತಿ ಬಂದಂತಾಯಿತು. ಗುಗ್ಗೆ ಮಾತ್ರ ಕದಲಲಿಲ್ಲ. 400 ರೂಪಾಯಿ ಕೊಟ್ಟು, ರಿಕ್ಷಾ ಹಿಡಿದು, ಕಣ್ಣು ಮುಚ್ಚಿಕೊಂಡು ಮನೆಗೆ ಬಂದೆ. ಆಮೇಲೆ ತಿಳಿದದ್ದು: ಕಿವಿಗೆ ಬಿಡುವ ನೀರು ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿಯಷ್ಟು ಬೆಚ್ಚಗಿರಬೇಕು. ತಣ್ಣಗಿದ್ದರೂ ಬಿಸಿಯಾಗಿದ್ದರೂ ಒಳಗಿವಿಯ ಸಮತೋಲ ಹಿಡಿಯುವ ಭಾಗ ಕೆರಳಿ ತಲೆ ತಿರುಗುತ್ತದೆ. ಕಿವಿ ತಮಟೆಯಲ್ಲಿ ತೂತಿದ್ದರಂತೂ ನೀರು ಹಾಕಲೇಬಾರದು. ಆ ಪ್ರಶ್ನೆಯನ್ನು ಅಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ನೀವಾದರೂ ಕೇಳಿಸಿಕೊಳ್ಳಿ.

ಆ ರಾತ್ರಿ ಮೊಬೈಲ್ ಹಿಡಿದು ಕೂತೆ. ತಪ್ಪು ಮಾಡಿದೆ. ಕಿವಿ ಮುಚ್ಚಿದಂತೆ ಅನ್ನಿಸುವುದಕ್ಕೆ ಗುಗ್ಗೆಯೊಂದೇ ಕಾರಣ ಅಲ್ಲವಂತೆ. ಒಳಗಿವಿಯ ನರವೇ ಇದ್ದಕ್ಕಿದ್ದಂತೆ ಸೋತರೂ ಮೊದಲು ಹೀಗೇ ಅನ್ನಿಸುತ್ತದಂತೆ. ಅದು ತುರ್ತು. ಮೂರು ದಿನದೊಳಗೆ ಸ್ಟೀರಾಯ್ಡ್ ಶುರುವಾದರೆ ಒಳ್ಳೆಯದು, ತಡವಾದಷ್ಟೂ ಕಷ್ಟ. ಓದಿದ ಮೇಲೆ ನಿದ್ದೆ ಎಲ್ಲಿ ಬರಬೇಕು? ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಗುನುಗಿ ನೋಡಿ ಅಂತ ಅಲ್ಲೇ ಒಂದು ಸಣ್ಣ ಪರೀಕ್ಷೆ ಬರೆದಿತ್ತು. ಮುಚ್ಚಿದ ಕಿವಿಯ ಕಡೆಗೇ ಗುನುಗು ಜೋರಾಗಿ ಕೇಳಿದರೆ ದಾರಿಯಲ್ಲಿ ಅಡ್ಡಿ, ಅಂದರೆ ಗುಗ್ಗೆ ಥರದ್ದು. ಚೆನ್ನಾಗಿರುವ ಕಿವಿಯ ಕಡೆಗೆ ಜೋರಾಗಿ ಕೇಳಿದರೆ ನರದ ಮೇಲೆ ಅನುಮಾನ, ತಕ್ಷಣ ಡಾಕ್ಟರ ಬಳಿ ಹೋಗಬೇಕು. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಮೇಲೆ ಕೂತು ಮಂದ್ರ ಷಡ್ಜ ಗುನುಗಿದೆ. ಬಲಕ್ಕೆ ಕೇಳಿತು. ಇನ್ನೊಮ್ಮೆ ಗುನುಗಿದೆ. ಬಲಕ್ಕೇ. ನಮ್ಮವರು ಎದ್ದು, "ಈ ಹೊತ್ತಿಗೆ ರಿಯಾಜಾ?" ಅಂದರು. ಇದು ಬರೀ ಅಂದಾಜಿನ ಪರೀಕ್ಷೆ, ಇದನ್ನು ನಂಬಿ ಡಾಕ್ಟರನ್ನು ಬಿಡಬೇಡಿ. ಆದರೆ ಆ ರಾತ್ರಿ ನನಗೆ ನಿದ್ದೆ ಕೊಟ್ಟದ್ದು ಅದೇ.

ಸೋಮವಾರ ಕಿವಿ ಮೂಗು ಗಂಟಲಿನ ತಜ್ಞರ ಬಳಿ ಹೋದೆ. ಕರ್ವೆ ರೋಡಿನ ಟ್ರಾಫಿಕ್ಕಿನಲ್ಲಿ ಹಾರ್ನುಗಳೆಲ್ಲ ದೂರದಲ್ಲೆಲ್ಲೋ ಕೇಳುತ್ತಿದ್ದವು. ಆ ಒಂದು ಸುಖ ಇತ್ತು ಅನ್ನಿ. ಟೋಕನ್ ನಂಬರ್ 23. ಎರಡೂಕಾಲು ಗಂಟೆ ಕಾದೆ. ನಂಬರ್ ಕರೆಯುವುದು ಕೇಳಿಸದೆ ಒಂದು ಸಲ ಸರದಿ ತಪ್ಪಿತು. ಕಿವಿ ಕೇಳದವರು ಬರುವ ಕಡೆ ಕೂಗಿ ಕರೆಯುತ್ತಾರಲ್ಲ, ಒಂದು ಬೋರ್ಡ್ ಇಡಬಾರದೇ? ರಿಸೆಪ್ಶನಿನ ಹೆಂಗಸು ಹತ್ತಿರ ಬಂದು, "ಕಾನಾಲಾ ದಡಾ ಬಸ್ಲಾಯ್ ಕಾ?" ಅಂದಳು. ಕಿವಿ ಮುಚ್ಚಿದ್ದಕ್ಕೆ ಮರಾಠಿಯವರು ಹೀಗೆ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಈ ಊರಲ್ಲಿದ್ದೇನೆ, ಈ ಮಾತು ನನ್ನ ಪಾಲಿಗೆ ಬಂದದ್ದು ಅವತ್ತೇ.

ಡಾಕ್ಟರು ಮೊದಲು ಶ್ರುತಿದಂಡ, ಅಂದರೆ ಟ್ಯೂನಿಂಗ್ ಫೋರ್ಕ್ ತೆಗೆದರು. ಮೊಣಕೈಗೆ ಬಡಿದು ನನ್ನ ಹಣೆಯ ನಡುವೆ ಇಟ್ಟು, ಯಾವ ಕಡೆ ಕೇಳುತ್ತೆ ಅಂದರು. ಬಲಕ್ಕೆ ಅಂದೆ. ಜೊತೆಗೆ, "ಇದು ಬಿಳಿ ಒಂದಕ್ಕಿಂತ ಸ್ವಲ್ಪ ಇಳಿದಿದೆ ಅಲ್ವಾ?" ಅಂತಲೂ ಕೇಳಿಬಿಟ್ಟೆ. ಅವರು ನಕ್ಕರು. ಅದು 512 ಹರ್ಟ್ಸ್‌ನದು. ನಮ್ಮ ಪೇಟಿಯ, ಅಂದರೆ ಹಾರ್ಮೋನಿಯಂನ, ಮೊದಲ ಬಿಳಿ ಮನೆಗೆ ಬಿಳಿ ಒಂದು ಅನ್ನುತ್ತೇವೆ; ಅದರ ಆ ಸಪ್ತಕದ ಸ್ವರ ಸುಮಾರು 523. ಕಿವಿ ಮುಚ್ಚಿದ್ದರೂ ಸ್ವರ ಗುರುತಿಸಿದೆನಲ್ಲ ಅಂತ ನನಗೆ ಒಳಗೊಳಗೇ ಖುಷಿ. ಮೂರು ದಿನದಲ್ಲಿ ಬಂದ ಮೊದಲ ಖುಷಿ.

ನರ ಗಟ್ಟಿ ಇದೆ, ಬಲಗಿವಿಯಲ್ಲಿ ಗಟ್ಟಿ ಗುಗ್ಗೆ ಅಂದರು. ಎಡಗಿವಿ ನೋಡಿದಾಗ ಮುಖ ಸ್ವಲ್ಪ ಬಿಗಿಯಾಯಿತು. ಅಲ್ಲಿ ಗುಗ್ಗೆ ಇಲ್ಲ, ಆದರೆ ತಮಟೆ ಒಳಕ್ಕೆ ಎಳೆದುಕೊಂಡಿದೆ ಅಂದರು. ಮೂಗಿನ ಹಿಂದಿನಿಂದ ಕಿವಿಗೆ ಗಾಳಿ ಒಯ್ಯುವ ಒಂದು ನಳಿಕೆ ಇದೆ. ನೆಗಡಿಗೆ ಅದು ಊದಿಕೊಂಡು ಮುಚ್ಚಿದೆ. ಬಲಗಿವಿಯ ಗದ್ದಲದಲ್ಲಿ ಎಡಗಿವಿಯೂ ಅರ್ಧ ಮುಚ್ಚಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಎರಡು ಕಿವಿ, ಎರಡು ಬೇರೆ ಬೇರೆ ಕಾಯಿಲೆ! ಒಂದರ ಮದ್ದು ಇನ್ನೊಂದಕ್ಕೆ ಉಪಯೋಗವಿಲ್ಲ. ಎಡಗಿವಿಗೂ ಗುಗ್ಗೆಯ ಹನಿ ಹಾಕುತ್ತಿದ್ದೆ ಅಂದಾಗ ಅವರು ಏನೂ ಹೇಳಲಿಲ್ಲ, ಬರೆಯುತ್ತಿದ್ದ ಪೆನ್ನು ಮಾತ್ರ ನಿಂತಿತು.

ಇವತ್ತೇ ತೆಗೆದುಬಿಡಿ, ಭಾನುವಾರ ಹಾಡಬೇಕು ಅಂತ ಗೋಗರೆದೆ. ಒಪ್ಪಲಿಲ್ಲ. ಒಣ ಗುಗ್ಗೆ ಕೆದಕಿದರೆ ಚರ್ಮ ಕಿತ್ತು ರಕ್ತ ಬರುತ್ತದೆ, ಊದಿಕೊಂಡರೆ ಭಾನುವಾರ ಪೂರ್ತಿ ಹೋಯಿತು ಅಂದರು. ಬಲಕ್ಕೆ ಮೂರು ದಿನ ಹನಿ, ಎಡದ ಸಲುವಾಗಿ ಮೂಗಿಗೆ ಸ್ಪ್ರೇ ಮತ್ತು ಹಬೆ. ಗುರುವಾರ ಬನ್ನಿ ಅಂದರು. ಫೀ 900, ಸ್ಪ್ರೇ 350. ಹಾಡುವವರಿಗೆ ಇಲ್ಲೊಂದು ಮಾತು. ನೆಗಡಿ ಮಾತ್ರೆ ಬರೆಯಲು ಹೋದಾಗ, ಅದು ಗಂಟಲು ಒಣಗಿಸುತ್ತಾ ಅಂತ ಕೇಳಿದೆ. ಹೌದು, ಕೆಲವು ಒಣಗಿಸುತ್ತವೆ, ನಿದ್ದೆಯೂ ಬರುತ್ತದೆ ಅಂತ ಹೇಳಿ ಅದನ್ನು ಹೊಡೆದು ಹಾಕಿದರು. ನಾನು ಹಾಡುವವಳು ಅಂತ ಮೊದಲೇ ಹೇಳದಿದ್ದರೆ ಕಿವಿ ತೆರೆದು ಗಂಟಲು ಮುಚ್ಚುತ್ತಿತ್ತು.

ಆ ಮೂರು ದಿನ ಕಷ್ಟದ ದಿನ. ರಿಯಾಜ್ ಮಾಡಬೇಕೋ ಬಿಡಬೇಕೋ ತಿಳಿಯದು. ಕಿವಿಯ ದಾರಿ ಮುಚ್ಚಿದಾಗ, ಎಲುಬಿನ ಮೂಲಕ ಬರುವ ನಮ್ಮ ಧ್ವನಿ ಒಳಗೇ ಸಿಕ್ಕಿಬಿದ್ದು ದಪ್ಪವಾಗಿ ಕೇಳುತ್ತದೆ. ಜೋರಾಗಿ ಕೇಳಿತಲ್ಲ ಅಂತ ನಮಗೆ ಗೊತ್ತಿಲ್ಲದೇ ಧ್ವನಿ ಇಳಿಸುತ್ತೇವೆ. ಶಿಷ್ಯೆ ಹೇಳಿದ್ದು ಅದನ್ನೇ. ಕೊನೆಗೆ ಸ್ವರ ಹಚ್ಚುವುದು ಬಿಟ್ಟು ಬಂದಿಶ್‌ಗಳ ಮಾತು, ತಾಳ, ದಾಸರ ಪದಗಳ ಸಾಹಿತ್ಯ ಮಾತ್ರ ಕೂತು ಹೇಳಿಕೊಂಡೆ. ರಾಗವನ್ನೂ ಬದಲಾಯಿಸಿದೆ. ಮಾರವಾ ಅಂತ ಇಟ್ಟುಕೊಂಡಿದ್ದೆ. ಅದರಲ್ಲಿ ಪಂಚಮವೇ ಇಲ್ಲ, ಷಡ್ಜದ ಮೇಲೂ ನಿಲ್ಲುವ ಹಾಗಿಲ್ಲ. ಕಿವಿ ನೆಟ್ಟಗಿಲ್ಲದವಳು ಅದನ್ನು ಮುಟ್ಟುವುದೆಂದರೆ ಕತ್ತಲಲ್ಲಿ ಮೆಟ್ಟಿಲಿಳಿದ ಹಾಗೆ. ಭೂಪ ಹಾಡೋಣ ಅಂದುಕೊಂಡೆ. ಐದೇ ಸ್ವರ, ಕಾಲಿಟ್ಟಲ್ಲೆಲ್ಲ ನೆಲ ಸಿಗುತ್ತದೆ.

ಸಂಘಟಕರಿಗೆ ಹೇಳಬೇಕೋ ಬೇಡವೋ ಅಂತಲೂ ಎರಡು ದಿನ ಒದ್ದಾಡಿದೆ. ಕಾಲು ಮುರಿದರೆ ಹೇಳಬಹುದು. ಹಾಡುವವಳಿಗೆ ಕಿವಿ ಕೇಳಿಸುತ್ತಿಲ್ಲ ಅಂದರೆ ಯಾರು ಕರೆಯುತ್ತಾರೆ? ಮಂಗಳವಾರ ಧೈರ್ಯ ಮಾಡಿ ಫೋನ್ ಮಾಡಿದೆ. ಆ ಹಿರಿಯರು ಉಡುಪಿ ಕಡೆಯವರು. ಪೂರ್ತಿ ಕೇಳಿ, "ಹಾಡ್ಲಿಕ್ಕೆ ಬಾಯಿ ಸಾಕಲ್ವಾ ಮಾರಾಯ್ರೆ?" ಅಂದರು. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ.

ಗುರುವಾರ. ಸಕ್ಷನ್ನಿನಿಂದ ತೆಗೆಯುತ್ತೇನೆ, ಸದ್ದು ಜೋರಾಗಿರುತ್ತದೆ, ಅಲ್ಲಾಡಬೇಡಿ, ತಡೆಯಲಾಗದಿದ್ದರೆ ಕೈ ಎತ್ತಿ ಅಂದರು ಡಾಕ್ಟರು. ಜೋರು ಅಂದರೆ ಅಷ್ಟಿಷ್ಟಲ್ಲ. ಕಿವಿಯೊಳಗೇ ಪ್ರೆಶರ್ ಕುಕ್ಕರ್ ಸೀಟಿ ಹೊಡೆದ ಹಾಗೆ. ಎರಡು ಸಲ ಕೈ ಎತ್ತಿದೆ. ಎರಡು ಸಲವೂ ನಿಲ್ಲಿಸಿದರು. ಸಂಗೀತದವರು ಈ ಕೈ ಎತ್ತುವ ಒಪ್ಪಂದ ಮೊದಲೇ ಮಾಡಿಕೊಳ್ಳಿ, ನಾಚಿಕೆ ಬೇಡ. ಮೂರನೆಯ ಸಲ ಏನೋ ಸರಕ್ಕನೆ ಜಾರಿತು. ಹುಣಸೆ ಬೀಜದಷ್ಟಿತ್ತು, ಬಣ್ಣವೂ ಅದೇ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು ಅನ್ನುವುದು ನನಗೆ ಆಗ ತಿಳಿಯಿತು. ಡಾಕ್ಟರು ಕಾಗದ ಹರಿದದ್ದು ಕಿವಿಗೆ ಗಡಚಿಕ್ಕಿತು. ಕಣ್ಣಲ್ಲಿ ನೀರು ಬಂತು, ನೋವಿಗೆ ಅಂತ ಅವರು ಅಂದುಕೊಂಡರು.

ಆಮೇಲೆ ಆಡಿಯೋಗ್ರಾಂ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಡುತ್ತಾರೆ. ಕೇಳಿದಾಗ ಒತ್ತಬೇಕು. ಮೊದಲು 1000, ಆಮೇಲೆ 2000, 4000, 8000, ಮತ್ತೆ ಕೆಳಗೆ 500, 250. ಒಂದರ ಎರಡು ಪಟ್ಟು ಇನ್ನೊಂದು. ಅಂದರೆ ಒಂದೇ ಸ್ವರ, ಬೇರೆ ಬೇರೆ ಸಪ್ತಕದಲ್ಲಿ! ಯಾರೋ ಒಂದೇ ಸ್ವರವನ್ನು ಹಚ್ಚಿ ಹಚ್ಚಿ ಹಿಂದಕ್ಕೆ ಸರಿಯುತ್ತಿದ್ದಾರೆ ಅನ್ನಿಸಿತು. ಬಲಗಿವಿ ಸಲೀಸು. ಎಡಗಿವಿಯಲ್ಲಿ ಕೆಳಗಿನ ಸ್ವರಗಳು 30 ಡೆಸಿಬೆಲ್ ಹತ್ತಿರ, ಅಂದರೆ ಅಷ್ಟು ಜೋರು ಮಾಡಿದ ಮೇಲೆ ಕೇಳಿದವು. ತಮಟೆಯ ಹಿಂದಿನ ಒತ್ತಡ ಅಳೆಯುವ ಇನ್ನೊಂದು ಪರೀಕ್ಷೆಯಲ್ಲೂ ಎಡಗಡೆ ಗಾಳಿ ಕಡಿಮೆ ಅಂತ ಬಂತು. ಸಕ್ಷನ್ನಿಗೆ 1,500, ಎರಡು ಪರೀಕ್ಷೆಗೆ 1,300. ನಮ್ಮ ವಿಮೆಯಲ್ಲಿ ಇದಕ್ಕೆಲ್ಲ ಒಂದು ಪೈಸೆ ಬರಲಿಲ್ಲ. ಆದರೆ ಈ ಕಾಗದ ಜೋಪಾನ ಮಾಡಿದ್ದೇನೆ. ಕಿವಿ ಚೆನ್ನಾಗಿರುವಾಗಲೇ ಒಂದು ಆಡಿಯೋಗ್ರಾಂ ಮಾಡಿಸಿ ಇಟ್ಟುಕೊಂಡರೆ, ಮುಂದೆ ತೊಂದರೆ ಬಂದಾಗ ಹೋಲಿಸಿ ನೋಡಬಹುದು. ತಬಲಾ, ಪೇಟಿ, ತಾಳ ಹಿಡಿದು ದಿನಗಟ್ಟಲೆ ಕೂರುವವರು ಇದನ್ನು ಖಂಡಿತ ಮಾಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಶುಕ್ರವಾರ ಎಲ್ಲವೂ ಕರ್ಕಶ. ಪಾತ್ರೆ ಸದ್ದಿಗೆ ಬೆಚ್ಚಿಬಿದ್ದೆ. ಬಲಗಿವಿಗೆ ಲೋಕ ಹತ್ತಿರ, ಎಡಗಿವಿಗೆ ದೂರ. ಹಾಗಾಗಿ ಸಕ್ಷನ್ ಕಾರ್ಯಕ್ರಮದ ದಿನವೇ ಮಾಡಿಸಿಕೊಳ್ಳಬೇಡಿ. ನನಗೆ ಹೊಂದಿಕೊಳ್ಳಲು ಒಂದು ಪೂರ್ತಿ ದಿನ ಬೇಕಾಯಿತು.

ಇನ್ನೊಂದು ಅಡ್ಡಿ ನಾನು ಯೋಚಿಸಿಯೇ ಇರಲಿಲ್ಲ, ಡಾಕ್ಟರೇ ಹೇಳಿದ್ದು: ಮುಂಬೈ ದಾರಿಯ ಘಾಟ್. ಲೋಣಾವಳಾ 600 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಬೋರ್ ಘಾಟಿನಲ್ಲಿ ಕರ್ಜತ್‌ಗೆ ಇಳಿಯುವಾಗ ಹೊರಗಿನ ಗಾಳಿಯ ಒತ್ತಡ ಏರುತ್ತಾ ಹೋಗುತ್ತದೆ. ನಳಿಕೆ ಮುಚ್ಚಿದ್ದರೆ ತಮಟೆ ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಕಿವಿಗೆ ಕಷ್ಟ. ಅದಕ್ಕೇ ಭಾನುವಾರದ ಬದಲು ಶನಿವಾರವೇ ಡೆಕ್ಕನ್ ಕ್ವೀನ್ ರೈಲು ಹತ್ತಿದೆ, ಕಿವಿಗೆ ಒಂದು ರಾತ್ರಿಯ ಬಿಡುವು ಸಿಗಲಿ ಅಂತ. ಲೋಣಾವಳಾದಿಂದಲೇ ಬಾಯಲ್ಲಿ ಜೇಷ್ಠಮಧುವಿನ ಕಡ್ಡಿ. ಜಗಿಯುವುದು, ಎಂಜಲು ನುಂಗುವುದು, ಆಕಳಿಸುವುದು. ನಡುವೆ ಮೂಗು ಹಿಡಿದು ನುಂಗುವುದು. ಎದುರಿನ ಸೀಟಿನ ಮಗು ನನ್ನನ್ನು ನೋಡಿ ತಾನೂ ಮೂಗು ಹಿಡಿದುಕೊಂಡಿತು. ಮೂಗು ಮುಚ್ಚಿ ಜೋರಾಗಿ ಊದಬೇಡಿ ಅಂತ ಡಾಕ್ಟರು ಎಚ್ಚರಿಸಿದ್ದರು. ಸುರಂಗಗಳಲ್ಲಿ ಎಡಗಿವಿ ಚುಯ್ ಅಂದಿತು, ಕರ್ಜತ್ ದಾಟಿದ ಮೇಲೆ ಒಂದು ಸಲ ಟಪ್ ಅಂತ ತೆರೆಯಿತು, ದಾದರ್ ಬರುವಷ್ಟರಲ್ಲಿ ಮತ್ತೆ ಮುಚ್ಚಿತು. ಮಾಟುಂಗಾದ ಚಿಕ್ಕಮ್ಮನ ಮನೆಯಲ್ಲಿ ಫಿಲ್ಟರ್ ಕಾಫಿ ಕುಡಿದು, ಹಬೆ ತೆಗೆದುಕೊಂಡು ಮಲಗಿದೆ.

ಭಾನುವಾರ ಎಡಗಿವಿ ಇನ್ನೂ ಅರ್ಧವೇ. ಪೇಟಿಯವರು ಹಾಡುವವರ ಎಡಕ್ಕೆ, ತಬಲಾದವರು ಬಲಕ್ಕೆ ಕೂರುವುದು ವಾಡಿಕೆ. ಪೇಟಿಯ ಸ್ವರ ನನ್ನ ಕೆಟ್ಟ ಕಿವಿಗೆ ಬೀಳುತ್ತದೆ. ಅದಲು ಬದಲಾಗಿ ಕೂರುತ್ತೀರಾ ಅಂತ ಕೇಳಿದೆ. ತಬಲಾದವರು ತಕ್ಷಣ ಎದ್ದರು. ಪೇಟಿಯವರು, ಇಷ್ಟು ವರ್ಷದಲ್ಲಿ ಈ ಕಡೆ ಕೂತವನಲ್ಲ ಅಂತ ಗೊಣಗಿದರು, ಆದರೆ ಕೂತರು. ಮಾನಿಟರ್ ಸ್ಪೀಕರನ್ನು ಬಲಕ್ಕೆ ಇಡಿಸಿ, ಅದರಲ್ಲಿ ತಂಬೂರಿ ಜಾಸ್ತಿ, ನನ್ನ ಧ್ವನಿ ಕಡಿಮೆ ಮಾಡಿಸಿದೆ. ನನ್ನ ಧ್ವನಿ ತಲೆಯೊಳಗೆ ಹೇಗೂ ಬೇಕಾದಷ್ಟಿತ್ತು. ಶಿಷ್ಯೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದೆ. ಧ್ವನಿ ಇಳಿದರೆ ಅವಳು ಕಿವಿ ಮುಟ್ಟಿಕೊಳ್ಳಬೇಕು. ನಾಲ್ಕು ಸಲ ಮುಟ್ಟಿಕೊಂಡಳು.

ಭೂಪ ನಡೆಯಿತು. ಚೆನ್ನಾಗಿತ್ತು ಅನ್ನಲಾರೆ, ತಪ್ಪಲಿಲ್ಲ. ದಾಸವಾಣಿಗೆ ಬರುವಷ್ಟರಲ್ಲಿ ಭಯ ಬಿಟ್ಟಿತ್ತು. ಭೀಮಸೇನ ಜೋಶಿಯವರು ಹಾಡಿ ಹಾಡಿ ಈ ಕಡೆಯ ಮರಾಠಿಯವರಿಗೂ ದಾಸರ ಪದಗಳ ರುಚಿ ಹತ್ತಿಸಿದ್ದಾರೆ. ಸಭೆಯಲ್ಲಿ ಅಂಥವರೂ ಇದ್ದರು, ತಾಳ ಹಾಕಿದರು. ಮುಗಿದ ಮೇಲೆ ಒಬ್ಬ ಅಜ್ಜ ಬಂದು, ಪೇಟಿ ಬಲಕ್ಕೆ ಇಡುವುದು ಯಾವ ಘರಾನೆಯ ಪದ್ಧತಿ ಅಂತ ಕೇಳಿದರು. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದೆ. ಬಡಾ ಖಯಾಲಿನಲ್ಲಿ ಒಂದು ಕಡೆ ಧೈವತ ಕೂದಲೆಳೆಯಷ್ಟು ಏರಿದೆ. ಅಲ್ಲಿ ಪೇಟಿಯವರು ಆ ಸ್ವರ ಬಿಟ್ಟು ಮುಂದಿನದಕ್ಕೆ ಹೋಗಿದ್ದಾರೆ, ಯಾರಿಗೂ ಗೊತ್ತಾಗದ ಹಾಗೆ. ಗೊಣಗಿದ್ದಕ್ಕೆ ಕೋಪ ಮಾಡಿಕೊಂಡಿದ್ದೆ. ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ.

ಎಡಗಿವಿ ಪೂರ್ತಿ ತೆರೆಯಲು ಇನ್ನೂ ಎರಡು ವಾರ ಹಿಡಿಯಿತು. ಕೊನೆಯ ಸಲ ತೋರಿಸಿದ್ದಕ್ಕೆ 500. ಎಲ್ಲ ಸೇರಿ 5,070 ರೂಪಾಯಿ, ರಿಕ್ಷಾ ಬಿಟ್ಟು. ಸಂಭಾವನೆಯಲ್ಲಿ ಸ್ವಲ್ಪ ಉಳಿಯಿತು.

ಉಳಿದದ್ದು ಮೀರಜಿಗೆ ಹೋಗುತ್ತದೆ. ಕಿವಿ ಕೇಳದ ಬೆಳಿಗ್ಗೆ ನಾನು ಕಿತ್ತು ಹಾಕಿದ ನಾಲ್ಕು ದಾರ ಇವತ್ತಿಗೂ ಸರಿಯಾಗಿ ಕೂತಿಲ್ಲ. ಈಗ ಚೆನ್ನಾಗಿ ಕೇಳಿಸುತ್ತಿದೆಯಲ್ಲ, ಎಷ್ಟು ಕೆಡಿಸಿದ್ದೇನೆ ಅಂತ ತಿಳಿಯುತ್ತಿದೆ. ಮುಂದಿನ ವಾರ ತಂಬೂರಿ ಹೊತ್ತು ಹೋಗಬೇಕು. ಅವರು ಏನನ್ನುತ್ತಾರೋ.